ಸಣ್ಣತಿಮ್ಮಯ್ಯನ ಎಣ್ಣೆ ಬಾಟಲಿ

ಸಣ್ಣತಿಮ್ಮಯ್ಯ ಅಂದರೆ ಸಣ್ಣ ಆಳಲ್ಲ. ಲ್ಯಾಬಿನ ಬಾಗಿಲಲ್ಲಿ ತಲೆ ಬಗ್ಗಿಸಿಕೊಂಡೇ ಒಳಗೆ ಬರಬೇಕು, ಅಷ್ಟು ಎತ್ತರ. ಅವನ ಅಣ್ಣನಿಗೂ ಮನೆದೇವರ ಹೆಸರನ್ನೇ ಇಟ್ಟಿದ್ದರಿಂದ ಅವನು ದೊಡ್ಡತಿಮ್ಮಯ್ಯ, ಇವನು ಸಣ್ಣತಿಮ್ಮಯ್ಯ. ಊರು ಹೊನ್ನವಳ್ಳಿ. ತಿಪಟೂರಿನ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿಗೆ ಅವನು ಅಟೆಂಡರ್ ಆಗಿ ಸೇರಿದ್ದು ೧೯೮೭ರಲ್ಲಿ. ನಾನು ಲೆಕ್ಚರರ್ ಆಗಿ ಬಂದದ್ದು ಅದಕ್ಕೆ ಒಂದು ವರ್ಷ ಮುಂಚೆ. ನನ್ನ ಹೆಸರು ತೋಂಟದಾರ್ಯ, ಹುಳಿಯಾರು ಪಕ್ಕದ ಕೆಂಕೆರೆಯವನು. ನನ್ನ ಬಗ್ಗೆ ಇಷ್ಟು ಸಾಕು. ಇನ್ನೇನಾದರೂ ಹೇಳುವುದಿದ್ದರೆ ಕೊನೆಗೆ ಹೇಳುತ್ತೇನೆ.

ಅವನು ಎಸ್ಸೆಸ್ಸೆಲ್ಸಿಗೆ ಮೂರು ಸಲ ಕೂತು ಮೂರು ಸಲವೂ ಇಂಗ್ಲಿಷಿನಲ್ಲಿ ಬಿದ್ದವನು. ಆದರೆ ಸ್ಟೋರ್ ರೂಮಿನಲ್ಲಿದ್ದ ಇನ್ನೂರು ಚಿಲ್ಲರೆ ಬಾಟಲಿಗಳಲ್ಲಿ ಯಾವುದನ್ನು ಕೇಳಿದರೂ ಕರೆಂಟ್ ಹೋದಾಗಲೂ ತಂದುಕೊಡುತ್ತಿದ್ದ. ನೈಟ್ರಿಕ್ ಆಸಿಡನ್ನು ಪ್ಲಾಸ್ಟಿಕ್ ಕ್ಯಾನಿಗೆ ಹಾಕಿಟ್ಟರೆ ಕ್ಯಾನು ಹಳದಿಗೆ ತಿರುಗಿ ಬಿರಿಯುತ್ತದೆ ಎನ್ನುವುದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ಬಿರಿದ ಕ್ಯಾನನ್ನೂ ಹೊಗೆಯಾಡಿದ ನೆಲವನ್ನೂ ಕಂಡಿದ್ದ. ಹೊಸ ಹುಡುಗರು ಆಸಿಡ್ ತೆಳುಮಾಡಲು ಹೊರಟರೆ ಎಲ್ಲಿದ್ದರೂ ಅಲ್ಲಿಂದಲೇ ಕೂಗುತ್ತಿದ್ದ. "ಲೇ, ನೀರಿಗೆ ಆಸಿಡ್ ಕಣ್ಲಾ! ಆಸಿಡ್‌ಗೆ ನೀರು ಹುಯ್ದು ಮಕ ಸುಟ್ಕಂಡೀಯ!"

ಸ್ಟೋರಿನ ಬೀಗದಕೈ ಅವನ ಉಡಿದಾರದಲ್ಲಿ ಇರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾಲ್ಕು ಜನ ಪ್ರಿನ್ಸಿಪಾಲರು ಬಂದು ಹೋದರು, ಬೀಗದಕೈ ಮಾತ್ರ ಅಲ್ಲಿಂದ ಅಲ್ಲಾಡಲಿಲ್ಲ. ಬಸ್ಸಿನಲ್ಲಿ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಅವನು ಅಟೆಂಡರ್ ಅನ್ನುತ್ತಿರಲಿಲ್ಲ. "ಕಾಲೇಜಿನ ಆಸಿಡ್ಡೆಲ್ಲಾ ನನ್ ಕೈಯಾಗೈತೆ" ಅನ್ನುತ್ತಿದ್ದ. ಪಕ್ಕದಲ್ಲಿ ಕೂತವರು ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರಂತೆ.

ಇನ್ನು ಎಣ್ಣೆಯ ವಿಷಯ. ನಮ್ಮ ಸೀಮೆಯಲ್ಲಿ ಮೈಗೆ ಏನೇ ಆದರೂ ಕೈ ಮೊದಲು ಹೋಗುವುದು ಕೊಬ್ಬರಿ ಎಣ್ಣೆಗೆ. ಒಲೆ ಸುಟ್ಟರೆ ಎಣ್ಣೆ, ಕಾಲು ಉಳುಕಿದರೆ ಎಣ್ಣೆ, ಕೂಸು ಹೊಟ್ಟೆನೋವೆಂದು ಅತ್ತರೆ ಹೊಕ್ಕುಳಿಗೆ ಎಣ್ಣೆ. ತೆಂಗಿನ ಗರಿಯ ನೆರಳಲ್ಲಿ ಹುಟ್ಟಿದವನು ಎಣ್ಣೆಯನ್ನು ಅನುಮಾನಿಸುವುದೂ ಒಂದೇ, ಹೆತ್ತವ್ವನನ್ನು ಅನುಮಾನಿಸುವುದೂ ಒಂದೇ. ತಿಮ್ಮಯ್ಯ ತನ್ನ ತೋಟದ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಆಡಿಸಿದ ಎಣ್ಣೆಯನ್ನು ಒಂದು ಗಾಜಿನ ಬಾಟಲಿಗೆ ತುಂಬಿ ಲ್ಯಾಬಿನಲ್ಲಿ ಇಟ್ಟಿದ್ದ. ಇಟ್ಟಿದ್ದ ಜಾಗ ನಲ್ಲಿಯ ಮೇಲಿನ ಗೂಡು. ಅಂದರೆ ನೀರಿಗಿಂತ ಒಂದು ಗೇಣು ಎತ್ತರದಲ್ಲಿ. ಆ ಒಂದು ಗೇಣನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

೧೯೯೩ರ ಆಗಸ್ಟಿನಲ್ಲಿ ಬಿಎಸ್ಸಿ ಮೊದಲ ವರ್ಷದ ಗಿರಿಜಾಂಬಿಕಾಳ ಕೈ ಮೇಲೆ ಸಲ್ಫ್ಯೂರಿಕ್ ಆಸಿಡ್ ಬಿತ್ತು. ಅವಳು ಪೇಟೆಯ ಕೊಬ್ಬರಿ ವರ್ತಕರೊಬ್ಬರ ಮಗಳು. ಬಾಟಲಿ ಜಾರಿ ಎಡಗೈಯ ಮಣಿಕಟ್ಟಿನಿಂದ ಮೊಣಕೈವರೆಗೆ ಸುರಿಯಿತು. ಅವಳು ಕಿರುಚಿದ ಕೂಡಲೇ ಜೊತೆಯ ಇಪ್ಪತ್ತು ಜನ ಗೋಡೆಗೆ ಅಂಟಿಕೊಂಡು ನಿಂತರು. ತಿಮ್ಮಯ್ಯ ಸ್ಟೋರಿನಿಂದ ಓಡಿಬಂದ. ಗೂಡಿನ ಬಾಟಲಿ ಎಳೆದುಕೊಂಡು ಅವಳ ಕೈ ತುಂಬಾ ಎಣ್ಣೆ ಸುರಿದು, ಅಂಗೈಯಿಂದ ನೀವತೊಡಗಿದ. "ಏನಿಲ್ಲ ಕಣವ್ವ, ಏನಿಲ್ಲ, ತಣ್ಣಗಾಯ್ತದೆ" ಎನ್ನುತ್ತ ಅವಳಿಗಿಂತ ಹೆಚ್ಚಾಗಿ ಅವನೇ ಅಳುತ್ತಿದ್ದ. ಆಮೇಲೆ ಆಟೋದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಅವನ ಅಂಗೈ ಎರಡು ವಾರ ಉರಿಯಿತು. ಅದಕ್ಕೂ ಅವನು ಎಣ್ಣೆಯನ್ನೇ ಹಚ್ಚಿಕೊಂಡ.

ಒಂದು ತಿಂಗಳ ಮೇಲೆ ಗಿರಿಜಾಂಬಿಕಾ ಉದ್ದ ತೋಳಿನ ಅಂಗಿ ತೊಟ್ಟು ಕಾಲೇಜಿಗೆ ಬಂದಳು. ನೇರ ಲ್ಯಾಬಿಗೆ ಬಂದು ಎಲ್ಲರ ಮುಂದೆ, "ನಿಮ್ಮ ಎಣ್ಣೆಯಿಂದ ನನ್ನ ಕೈ ಉಳೀತು ತಿಮ್ಮಣ್ಣ" ಅಂದಳು. ಅಷ್ಟು ಸಾಕಾಯಿತು. ಅವನ ಎದೆ ಒಂದು ಗೇಣು ಉಬ್ಬಿತು, ಬಾಟಲಿ ದೊಡ್ಡದಾಯಿತು, ಹುಡುಗರು ಅವನನ್ನು ಎಣ್ಣೆ ತಿಮ್ಮಣ್ಣ ಎಂದು ಕರೆಯತೊಡಗಿದರು. ಮುಂದೆ ಅವಳು ಬಿಎಡ್ ಮಾಡಿ ನೊಣವಿನಕೆರೆಯಲ್ಲಿ ಹೈಸ್ಕೂಲಿನ ಸೈನ್ಸ್ ಟೀಚರ್ ಆದಳು. ಮದುವೆಗೆ ಅವನನ್ನು ಕರೆಸಿಕೊಂಡು, "ನನ್ನ ಕೈ ಉಳಿಸಿದವರು ಇವರೇ" ಎಂದು ಗಂಡನಿಗೆ ತೋರಿಸಿದಳು. ಆ ಮದುವೆಯ ಊಟದ ಸುದ್ದಿಯನ್ನು ನಾನು ಕನಿಷ್ಠ ನಲವತ್ತು ಸಲ ಕೇಳಿದ್ದೇನೆ.

೨೦೦೯ರಲ್ಲಿ ಕಾಲೇಜಿಗೆ ಒಂದು ತಪಾಸಣೆ ಸಮಿತಿ ಬರುವುದಿತ್ತು. ಆಡಳಿತ ಮಂಡಳಿಯವರಿಗೆ ಎಲ್ಲಿಂದ ಬುದ್ಧಿ ಬಂತೋ, ಲ್ಯಾಬಿನವರೆಲ್ಲ ಇಂಟರ್ನೆಟ್ಟಿನಲ್ಲಿ ತರಬೇತಿ ಪಡೆಯಬೇಕು ಎಂದು ಆರ್ಡರ್ ಹೊರಡಿಸಿದರು. ಕೆಮಿಕಲ್ಲು, ಪ್ಲಾಸ್ಟಿಕ್ಕು, ಲ್ಯಾಬಿನ ಸುರಕ್ಷತೆ ಎಂದು ಹನ್ನೆರಡು ಪಾಠ, ಕೊನೆಗೆ ಇಪ್ಪತ್ತು ಪ್ರಶ್ನೆಯ ಪರೀಕ್ಷೆ. ಎಲ್ಲವೂ ಕಂಪ್ಯೂಟರಿನಲ್ಲೇ. ನಮ್ಮ ಲ್ಯಾಬಿನ ಹೊಗೆ ಎಳೆಯುವ ಫ್ಯಾನು ತಿರುಗಿ ಐದು ವರ್ಷವಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾನು ಸ್ಟಾಫ್ ರೂಮಿನಲ್ಲಿ ಗೊಣಗಿದೆ. ಆದರೆ ಆರ್ಡರಿನ ಕೊನೆಯ ಸಾಲು ತಮಾಷೆಯದಾಗಿರಲಿಲ್ಲ. ಪಾಸಾಗದವರ ಕೈಯಲ್ಲಿ ಕೆಮಿಕಲ್ ಸ್ಟೋರಿನ ಬೀಗದಕೈ ಇರಕೂಡದು, ಅವರನ್ನು ಗೇಟಿನ ಕಾವಲಿಗೆ ಹಾಕತಕ್ಕದ್ದು ಎಂದಿತ್ತು. ಪರೀಕ್ಷೆಗೆ ಮೂರೇ ಅವಕಾಶ.

ನಾನು ಒಂದು ಪಾಠವನ್ನೂ ತೆರೆಯದೆ ನೇರ ಪರೀಕ್ಷೆಗೆ ಕೂತೆ. ತಂದಿಟ್ಟ ಟೀ ಆರುವುದರೊಳಗೆ ನೂರಕ್ಕೆ ನೂರು ತೆಗೆದುಕೊಂಡು ಎದ್ದೆ.

ತಿಮ್ಮಯ್ಯನಿಗೆ ಇಂಗ್ಲಿಷ್ ಓದಲು ಬಾರದ್ದರಿಂದ, ಕಂಪ್ಯೂಟರ್ ರೂಮಿನ ನೂರೈನ್ ಕನ್ನಡದಲ್ಲಿ ಓದಿ ಹೇಳಬಹುದು, ಉತ್ತರ ಮಾತ್ರ ಅವನೇ ಒತ್ತಬೇಕು ಎಂದು ಪ್ರಿನ್ಸಿಪಾಲರು ಒಪ್ಪಿದರು. ನೂರೈನ್ ಟೈಲರ್ ಮಹಮ್ಮದ್ ಇಸ್ಮಾಯಿಲರ ಮಗಳು. ನಮ್ಮಲ್ಲೇ ಓದಿ, ನಮ್ಮಲ್ಲೇ ಕೆಲಸಕ್ಕೆ ಸೇರಿದವಳು. ದಿನಾ ನಾಲ್ಕು ಗಂಟೆಗೆ ತಿಮ್ಮಯ್ಯ ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದುಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಪಾಠಗಳನ್ನು ಅವನಷ್ಟು ನಿಯತ್ತಿನಿಂದ ಯಾರೂ ಕೇಳಲಿಲ್ಲ. ಪ್ಲಾಸ್ಟಿಕ್ಕಿನ ಪಾಠವಂತೂ ಅವನ ತಲೆ ಕೆಡಿಸಿತು. ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗೆ ಒಂದು ನಂಬರು ಇರುತ್ತದೆ, ಅದು ಯಾವ ಜಾತಿಯ ಪ್ಲಾಸ್ಟಿಕ್ ಎಂದು ಹೇಳುತ್ತದೆ ಎಂದು ತಿಳಿದದ್ದೇ ತಡ, ಕಂಡ ಕಂಡ ಡಬ್ಬಿಯನ್ನೆಲ್ಲ ಬೋರಲು ಹಾಕಿದ. ಕ್ಯಾಂಟೀನಿನ ಗಿಡ್ಡಯ್ಯ ಹಳೆಯ ಪೇಂಟ್ ಡಬ್ಬಿಯಲ್ಲಿ ಉಪ್ಪಿನಕಾಯಿ ಇಟ್ಟಿದ್ದನ್ನು ಹಿಡಿದು ಜಗಳಕ್ಕೇ ನಿಂತ.

"ಅದ್ರಾಗೆ ಹುಳಿ ಇಕ್ಬಾರ್ದು ಕಣ್ಲಾ ಗಿಡ್ಡ! ಹುಡುಗ್ರು ಹೊಟ್ಟೆಗೆ ಬಣ್ಣ ತಿನ್ನಿಸ್ತೀಯಾ?"

"ಇಪ್ಪತ್ತು ವರ್ಸದಿಂದ ತಿಂತಾವ್ರೆ, ಯಾವನ್ ಸತ್ತವ್ನೆ ಹೇಳು?" ಅಂದ ಗಿಡ್ಡಯ್ಯ.

"ಇಪ್ಪತ್ತು ವರ್ಸದಿಂದ ಮಾಡಿದ್ದೆಲ್ಲ ಸರಿ ಅಂತ ಯಾವನಂದ ನಿಂಗೆ?" ಎಂದು ತಿಮ್ಮಯ್ಯ ಡಬ್ಬಿಯನ್ನು ಕಸಿದುಕೊಂಡು ಬಂದ. ಈ ಮಾತನ್ನು ಅವನು ಆಡಿದ ಮಾರನೆಯ ದಿನವೇ ಪರೀಕ್ಷೆ.

ಇಪ್ಪತ್ತರಲ್ಲಿ ಹತ್ತೊಂಬತ್ತು ಸರಿ ಒತ್ತಿದ. ಆದರೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಗೆ ಕೆಂಪು ಗುರುತಿತ್ತು; ಅದೊಂದು ತಪ್ಪಾದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲು. ಅದು ಹದಿನೇಳನೆಯ ಪ್ರಶ್ನೆ. ಆಸಿಡ್ ಮೈಮೇಲೆ ಬಿದ್ದರೆ ಮೊದಲು ಏನು ಮಾಡಬೇಕು? ಹದಿನೈದು ನಿಮಿಷ ಹರಿಯುವ ನೀರಿಗೆ ಹಿಡಿಯುವುದು, ಎಣ್ಣೆ ಅಥವಾ ಮುಲಾಮು ಹಚ್ಚುವುದು, ಬಟ್ಟೆ ಕಟ್ಟುವುದು, ಸುಮ್ಮನೆ ಬಿಡುವುದು. ತಿಮ್ಮಯ್ಯ ಎಣ್ಣೆಯ ಮುಂದೆ ಒತ್ತಿದ. ಸ್ಕ್ರೀನು ಕೆಂಪಾಯಿತು.

"ಅಯ್ಯೋ ತಿಮ್ಮಣ್ಣ, ಪಾಠದಲ್ಲಿ ನೀರು ಅಂತ ಇತ್ತಲ್ಲ! ನಾನೇ ಓದಿ ಹೇಳಿದ್ನಲ್ಲ!" ಅಂದಳು ನೂರೈನ್.

"ಹೇಳ್ದೆ ಕಣಮ್ಮ. ಪಾಠ ಬರೆದೋನು ತಪ್ಪು ಬರೆದವ್ನೆ."

ಎರಡನೆಯ ಸಲ ಕೂತಾಗ ನಾನೂ ಪಕ್ಕದಲ್ಲಿದ್ದೆ. ಹದಿನೇಳನೆಯ ಪ್ರಶ್ನೆ ಬಂದಾಗ ನೂರೈನ್ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅವನು ಕಂಪ್ಯೂಟರನ್ನು ಐದು ನಿಮಿಷ ದುರುಗುಟ್ಟಿ ನೋಡಿ, ಮತ್ತೆ ಎಣ್ಣೆಗೇ ಒತ್ತಿದ. ನನಗೆ ರೇಗಿಹೋಯಿತು.

"ನಿನಗೇನು ತಲೆ ಕೆಟ್ಟಿದೆಯಾ ತಿಮ್ಮಯ್ಯ? ನೀರು ಅಂತ ಒತ್ತಿ ಎದ್ದು ಬಾರಯ್ಯ! ಬೀಗದಕೈ ಹೋಗುತ್ತೆ ಕಣಯ್ಯ, ಗೇಟಿನಲ್ಲಿ ನಿಲ್ತೀಯಾ?"

"ಸಾ, ಆ ಹೆಣ್ಮಗ ಕೈ ಉಳೀತು ಅಂತ ಬಾಯ್ಬುಟ್ಟು ಹೇಳಿದ್ದು ನೀವೂ ಕೇಳಿದ್ದೀರ. ನೂರ್ ಜನದ ಮುಂದೆ ಹೇಳ್ತು. ಈಗ ಬೀಗದಕೈಗೋಸ್ಕರ ಅದ್ ಸುಳ್ಳು ಅಂತ ಒತ್ಲಾ? ಅದನ್ನೇ ಒಂದು ಮಾತು ಕೇಳ್ಕಂಡು ಬತ್ತೀನಿ. ಅದು ನೀರು ಅಂದ್ರೆ ನೀರು. ಎಣ್ಣೆ ಅಂದ್ರೆ ಎಣ್ಣೆ. ಆಮ್ಯಾಕೆ ಗೇಟಾದ್ರೂ ಸರಿ, ತೋಟಾದ್ರೂ ಸರಿ."

ಮೊಂಡ. ಎರಡು ಸಲ ಫೇಲಾದರೂ ಸುಳ್ಳು ಒತ್ತದವನನ್ನು ನಾನು ನನ್ನ ಸರ್ವೀಸಿನಲ್ಲಿ ಇನ್ನೊಬ್ಬನನ್ನು ಕಂಡಿಲ್ಲ. ಕೊನೆಯ ಅವಕಾಶ ಸೋಮವಾರಕ್ಕಿತ್ತು. ಭಾನುವಾರ ಅವನನ್ನು ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನೊಣವಿನಕೆರೆಗೆ ಹೋದೆ. ಯಾಕೆ ಹೋದೆ ಎಂದು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಹೋಗದಿದ್ದರೆ ಒಳ್ಳೆಯದು ಅಂತ ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಗಿರಿಜಾಂಬಿಕಾ ನಮ್ಮನ್ನು ಕಂಡು ಹಿಗ್ಗಿದಳು. ನೀರು ಬೆಲ್ಲ ಕೊಟ್ಟು, ಕಾಫಿಗಿಟ್ಟು, ಮಕ್ಕಳನ್ನು ಕರೆದು ತಿಮ್ಮಯ್ಯನ ಕಾಲಿಗೆ ಬೀಳಿಸಿದಳು. ಸೆಕೆಯ ದಿನ. ಅವಳ ರವಿಕೆಯ ತೋಳು ಮಣಿಕಟ್ಟಿನವರೆಗೆ ಇತ್ತು. ಅವನು ಪರೀಕ್ಷೆಯ ಕಥೆಯನ್ನೆಲ್ಲ ಹೇಳಿದ. ಹೇಳುತ್ತಾ ನಕ್ಕ. ಅವಳು ನಗಲಿಲ್ಲ.

"ನೀನೇ ಹೇಳವ್ವ, ಸೈನ್ಸ್ ಮೇಡಂ ಬೇರೆ ಆಗಿದ್ದೀಯ. ಕೈ ತೋರ್ಸು. ಈ ಸಾಹೇಬ್ರೂ ನೋಡ್ಲಿ. ಕಲೆ ಐತಾ?"

ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವಳು ತೋಳಿನ ಗುಂಡಿ ಬಿಚ್ಚಿ ಮೇಲಕ್ಕೆ ಸರಿಸಿದಳು. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಕಿರುಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಎರಡು ಸಲ ಆಪರೇಷನ್ ಆಯ್ತು ತಿಮ್ಮಣ್ಣ. ಎಣ್ಣೆ ಹಾಕಿದವರು ಯಾರು, ಆ ಕ್ಷಣಾನೇ ನೀರಿಗೆ ಹಿಡಿದಿದ್ರೆ ಇಷ್ಟು ಆಗ್ತಿರ್ಲಿಲ್ಲ ಅಂತ ಡಾಕ್ಟ್ರು ಬೈದ್ರು. ನಾನೇ ಹಾಕ್ಕೊಂಡೆ ಅಂದೆ."

"ಯಾಕವ್ವ ಹಂಗಂದೆ?"

"ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ ಅಂತ. ಅವತ್ತು ಎಲ್ರೂ ದೂರ ನಿಂತು ನೋಡ್ತಿದ್ರು. ಓಡಿ ಬಂದು ನನ್ನ ಕೈ ಹಿಡ್ಕೊಂಡಿದ್ದು ನೀವೊಬ್ರೆ. ನಿಮಗೆ ಹೆಂಗೆ ಹೇಳ್ಲಿ?"

ಅವನು ಆ ಕೈಯನ್ನು ಮುಟ್ಟಲು ಹೋಗಿ ಮುಟ್ಟಲಿಲ್ಲ. ಅಷ್ಟೆತ್ತರದ ಆಳು ಚಾಪೆಯ ಮೇಲೆ ಮುದುರಿಕೊಂಡ.

"ಕೆಲ್ಸ ಹೋದ್ರೆ ಹೋಗ್ತಿತ್ತು ಬುಡವ್ವ! ಆಮ್ಯಾಕೆ ಏಳು ಜನಕ್ಕೆ ಹಚ್ಚಿದೀನಲ್ಲ ನಾನು. ಉಳೀತು ಅಂತ ನೀನಂದಿದ್ಕೇ ಹಚ್ಚಿದ್ದು. ಗಂಗಯ್ಯನ ಮಗ, ಬಿಳಿಗೆರೆ ಹುಡುಗಿ, ಆ ತುರುವೇಕೆರೆ ಹುಡುಗ, ನಮ್ ನೂರೈನು..." ಒಬ್ಬೊಬ್ಬರ ಹೆಸರೂ ಅವನಿಗೆ ನೆನಪಿತ್ತು. ಏಳನ್ನೂ ಬೆರಳು ಮಡಚಿ ಹೇಳಿದ.

ಗಿರಿಜಾಂಬಿಕಾಳ ಮುಖ ಕಪ್ಪಿಟ್ಟಿತು. "ಅದು ನನಗೆ ಹೊಳೀಲೇ ಇಲ್ಲ ತಿಮ್ಮಣ್ಣ. ಮಕ್ಕಳಿಗೆ ಪಾಠದಲ್ಲಿ ನೀರು ಅಂತಲೇ ಹೇಳ್ತೀನಿ. ನಿಮಗೆ ಹೇಳ್ಬೇಕು ಅಂತ ಹೊಳೀಲೇ ಇಲ್ಲ" ಎಂದು ಅಳತೊಡಗಿದಳು. ಕಾಫಿ ಉಕ್ಕಿ ಒಲೆಯ ಮೇಲೆ ಚೆಲ್ಲಿದ ವಾಸನೆ ಬಂತು. ಯಾರೂ ಏಳಲಿಲ್ಲ.

ಸೋಮವಾರ ಅವನು ಪರೀಕ್ಷೆಗೆ ಕೂತ. ಮೊದಲು ನೂರೈನ್‌ಳ ಬೆರಳು ತೋರಿಸಲು ಹೇಳಿದ. ಪಿಯುಸಿಯಲ್ಲಿದ್ದಾಗ ಅವಳಿಗೆ ಬಿಸಿ ಪ್ರನಾಳ ತಗುಲಿ, ಅವನು ಎಣ್ಣೆ ಹಚ್ಚಿದ್ದ.

"ನಂದೇನೂ ಇಲ್ಲ ತಿಮ್ಮಣ್ಣ, ಅವತ್ತೇ ಹೋಯ್ತು. ಬಿಟ್ಟಾಕಿ" ಅಂದಳು ಅವಳು.

"ನೀನೂ ನನ್ ಕೆಲ್ಸ ಉಳ್ಸಕ್ಕೆ ಹೇಳ್ತಿಲ್ಲ ತಾನೆ?" ಎಂದು ಕೇಳಿ, ಬೆರಳನ್ನು ಬೆಳಕಿಗೆ ಹಿಡಿದು ತಾನೇ ನೋಡಿದ. ನಿಜಕ್ಕೂ ಏನೂ ಇರಲಿಲ್ಲ. ಹದಿನೇಳನೆಯ ಪ್ರಶ್ನೆ ಬಂದಾಗ ಅವಳು ಓದಿ ಮುಗಿಸುವ ಮುಂಚೆಯೇ ನೀರಿನ ಮುಂದೆ ಒತ್ತಿದ. ಇಪ್ಪತ್ತಕ್ಕೆ ಇಪ್ಪತ್ತು. ನೂರೈನ್ ಚಪ್ಪಾಳೆ ತಟ್ಟಿದಳು. ಅವನು ಮಾತ್ರ ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಹೋದ.

ನಾನು ಸರ್ಟಿಫಿಕೇಟಿನ ಪ್ರಿಂಟು ಹಿಡಿದುಕೊಂಡು ಹಿಂದೆಯೇ ಹೋದೆ. ಅವನು ಗೂಡಿನಿಂದ ಎಣ್ಣೆ ಬಾಟಲಿಯನ್ನು ಇಳಿಸಿ ಟೇಬಲ್ಲಿನ ಮೇಲೆ ಇಟ್ಟಿದ್ದ. ನಾನು ಏನಾದರೂ ಹೇಳಬೇಕಲ್ಲ ಎಂದು, "ಕೆಟ್ಟ ಮೇಲೆ ಬುದ್ಧಿ ಬಂತು ಅಂತ ಬೇಜಾರು ಮಾಡ್ಕೋಬೇಡ ತಿಮ್ಮಯ್ಯ. ಬೀಗದಕೈ ಉಳೀತಲ್ಲ" ಅಂದೆ.

"ಸಾ, ನೀವು ನೂರಕ್ಕೆ ನೂರು ತಗಂಡ್ರಿ. ಪಾಠ ಓದಿದ್ರಾ?"

"ಇಲ್ಲ."

"ಮತ್ತೆ ಹೆಂಗೆ ಗೊತ್ತಾಯ್ತು ನೀರು ಅಂತ?"

ಅವನು ನನ್ನ ಶರ್ಟಿನ ತೋಳನ್ನು ಮೇಲಕ್ಕೆ ಸರಿಸಿ, ಮಣಿಕಟ್ಟನ್ನು ಹಿಡಿದು ನಲ್ಲಿಯ ಕೆಳಗೆ ಒಡ್ಡಿ ನೀರು ಬಿಟ್ಟ. ಗೋಡೆ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷವಾಗಿತ್ತು. ಅವನ ಹಿಡಿತ ಬಿಗಿಯಾಗಿತ್ತು, ಸಿಟ್ಟಿನದಾಗಿರಲಿಲ್ಲ.

"ತೊಂಬತ್ಮೂರ್‌ರಾಗೂ ಗೊತ್ತಿತ್ತಾ ಸಾ?"

"ಗೊತ್ತಿತ್ತು."

"ಅವತ್ತು ನಲ್ಲೀಲಿ ನೀರು ಬತ್ತಿತ್ತಾ?"

"ಬರ್ತಿತ್ತು."

ಈಗ ನನ್ನ ಬಗ್ಗೆ ಹೇಳುವ ಹೊತ್ತು ಬಂತು. ಅವತ್ತು ನಾನು ಎಂಟು ಅಡಿ ದೂರದಲ್ಲಿದ್ದೆ. ಆಸಿಡ್ ಬಿದ್ದರೆ ನೀರು ಎಂದು ಲ್ಯಾಬಿನ ಗೋಡೆಗೆ ಇಂಗ್ಲಿಷಿನಲ್ಲಿ ಬೋರ್ಡು ಬರೆಸಿ ಹಾಕಿದವನೇ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಹಾಗೆ. ಅವಳ ಕೈಯನ್ನು ನಾನು ಹಿಡಿದಿದ್ದರೆ ಮುಂದಿನದಕ್ಕೆಲ್ಲ ನಾನು ಹೊಣೆ. ಅವಳ ಅಪ್ಪ ಪೇಟೆಯಲ್ಲಿ ದೊಡ್ಡ ಮನುಷ್ಯ. ನಾನು ಹಿಂದೆ ಮುಂದೆ ನೋಡುತ್ತಿರುವಾಗ ತಿಮ್ಮಯ್ಯ ಓಡಿಬಂದು ಎಣ್ಣೆ ಸುರಿದ. ಹೊಣೆ ಅವನದಾಯಿತು. ನನಗೆ ಸಮಾಧಾನವಾಯಿತು. ಆಮೇಲೆ ಅವಳು ಕೈ ಉಳಿಯಿತು ಎಂದಾಗ, ಆ ಸಮಾಧಾನವನ್ನು ಕೆಡಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಏಳು ಸಲವೂ ನಾನು ಬಾಟಲಿ ಕೆಳಗಿಳಿಯುವುದನ್ನು ನೋಡಿದ್ದೇನೆ.

ಇದನ್ನೆಲ್ಲ ಅವನಿಗೆ ಹೇಳಿದೆ. ನೀರು ಹರಿಯುತ್ತಿದ್ದುದರಿಂದ ಹೇಳುವುದು ಸ್ವಲ್ಪ ಸುಲಭವಾಯಿತು. ಹೇಳಿ ಮುಗಿದರೂ ಹನ್ನೊಂದು ಗಂಟೆ ಹನ್ನೆರಡು ನಿಮಿಷವಷ್ಟೇ ಆಗಿತ್ತು. ಉಳಿದ ಎಂಟು ನಿಮಿಷವೂ ಅವನು ಕೈ ಬಿಡಲಿಲ್ಲ. ಕೈ ಮರಗಟ್ಟಿತು. ಬಿಡಿಸಿಕೊಳ್ಳಬೇಕು ಅನ್ನಿಸಿತು, ಬಿಡಿಸಿಕೊಳ್ಳಲಿಲ್ಲ.

"ಹದಿನೈದಾಯ್ತು" ಎಂದು ಅವನು ನಲ್ಲಿ ನಿಲ್ಲಿಸಿದ. ಹೆಗಲ ಮೇಲಿನ ಟವೆಲ್ಲು ಕೊಟ್ಟ. ಎಣ್ಣೆ ಬಾಟಲಿಯನ್ನು ಮನೆಗೆ ಒಯ್ಯಲು ಚೀಲಕ್ಕೆ ಹಾಕಿಕೊಂಡ. ನಾಳೆಯಿಂದ ಪ್ರತಿ ಬ್ಯಾಚಿನ ಹುಡುಗರನ್ನೂ ಮೊದಲ ದಿನ ಹೀಗೆ ನಿಲ್ಲಿಸುತ್ತೇನೆ, ಹದಿನೈದು ನಿಮಿಷ ಎಷ್ಟು ಹೊತ್ತು ಅಂತ ಮೈಗೆ ಗೊತ್ತಾಗಬೇಕು ಎಂದ. ಹಾಗೆಯೇ ಮಾಡಿದ, ರಿಟೈರ್ ಆಗುವವರೆಗೂ.

ನಾನು ಸರ್ಟಿಫಿಕೇಟು ಚಾಚಿದೆ. ಅವನು ಅದನ್ನು ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿಕೊಂಡು, ಉಡಿದಾರದ ಬೀಗದಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

"ನಂಗೆ ಗೊತ್ತಿರ್ಲಿಲ್ಲ ಸಾ. ಅದ್ಕೆ ಮೂರು ಸಲ ಕೂತ್ಕಂಡು ಕಲ್ತ್ಕಂಡೆ. ನೀವೇನ್ ಕಲ್ತೀರಿ ಬುಡಿ, ನಿಮಗೆ ಗೊತ್ತೇ ಇತ್ತಲ್ಲ."

ಹನ್ನೊಂದೂವರೆಗೆ ನನಗೆ ಎರಡನೆಯ ವರ್ಷದ ಕ್ಲಾಸಿತ್ತು. ಒದ್ದೆ ತೋಳಿನಲ್ಲೇ ಹೋದೆ.